ಬಿಡಿಸದೆ ಬಿಟ್ಟ ಎರಡು ಸಾಲು

ನಮ್ಮೂರು ಹೂವಿನಹಡಗಲಿ. ಊರಿನ ಹೆಸರಿನಲ್ಲೇ ಹೂವಿದೆ. ಆದರೂ ಕಾಲೇಜು ಓದುವ ವಯಸ್ಸಿನವರೆಗೆ ನಾನು ಗಿಡದ ಮೇಲೆ ಅರಳಿದ ಮಲ್ಲಿಗೆಯನ್ನು ಕಣ್ತುಂಬ ನೋಡಿರಲಿಲ್ಲ ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ಹೂ ಮಾರುವವರ ಮನೆಯಲ್ಲಿ ಬೆಲೆ ಇರುವುದು ಮೊಗ್ಗಿಗೆ. ನಸುಕಿನಲ್ಲಿ ಮೊಗ್ಗು ಬಿಡಿಸಿ, ಒದ್ದೆ ಬಟ್ಟೆ ಮುಚ್ಚಿದ ಪುಟ್ಟಿಯಲ್ಲಿ ಬಸ್ಸಿಗೆ ಹಾಕಿದರೆ, ಸಂಜೆ ಅದು ಹರಪನಹಳ್ಳಿಯಲ್ಲೋ ದಾವಣಗೆರೆಯಲ್ಲೋ ಯಾರದೋ ಜಡೆಯಲ್ಲಿ ಅರಳಬೇಕು. ಗಿಡದಲ್ಲೇ ಅರಳಿದರೆ ಕೆಟ್ಟಿತು ಅಂತ ಲೆಕ್ಕ.

ಅಷ್ಟೇ ಆಗಿದ್ದರೆ ಪರವಾಗಿಲ್ಲ. ಮನೆಯಲ್ಲಿ ಸಾವಾದ ದಿನ ಮಾತ್ರ ಯಾರೂ ತೋಟಕ್ಕೆ ಇಳಿಯುತ್ತಿರಲಿಲ್ಲ. ಹಾಗಾಗಿ ನಮ್ಮ ಓಣಿಯಲ್ಲಿ ಯಾರದಾದರೂ ತೋಟ ಸಂಜೆ ಹೊತ್ತಿಗೆ ಬೆಳ್ಳಗೆ ಕಂಡಿತೆಂದರೆ ಹೆಂಗಸರು ಏನೂ ವಿಚಾರಿಸದೆ ತಲೆ ಮೇಲೆ ಸೆರಗು ಹೊದ್ದು ಆ ಮನೆಯ ಕಡೆ ಹೊರಟುಬಿಡುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿದ್ದೆ. ಮುಂದೆ ಓದಿಸುವುದೋ, ಮದುವೆ ಮಾಡುವುದೋ ಎಂದು ದೊಡ್ಡವರು ನನ್ನನ್ನು ಬಿಟ್ಟು ಉಳಿದವರನ್ನೆಲ್ಲ ಕೇಳುತ್ತಿದ್ದರು. ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಮಾಳಿಗೆಗೆ, ಮಾಳಿಗೆಯಿಂದ ಮತ್ತೆ ಪಡಸಾಲೆಗೆ. ಪಡಸಾಲೆಯ ಮಂಚದ ಮೇಲೆ ಕಾಯಿಲೆ ಬಿದ್ದು ಮಲಗಿದ್ದ ಅಜ್ಜಿ, ನನ್ನ ಅಪ್ಪನ ತಾಯಿ, ನಾನು ದಾಟಿ ಹೋದಾಗಲೆಲ್ಲ ಗದರುತ್ತಿದ್ದಳು. "ಲೇ ಹುಡುಗಿ, ನಿನ್ನ ಕಾಲಿಗೆ ಏನು ಇರುವಿ ಕಚ್ಚಾಕತ್ತಾವೇನು? ಒಂದ್ ಕಡೆ ಕುಂದ್ರಬಾರ್ದಾ?"

ಆಗಲೇ ನನ್ನ ಕೈಗೆ ಒಂದು ಕ್ಯಾಮೆರಾ ಬಂತು. ಹೊಸಪೇಟೆಯಲ್ಲಿ ನೌಕರಿಯಲ್ಲಿದ್ದ ಸೋದರಮಾವ ಹೊಸದು ಕೊಂಡು, ಹಳೆಯದನ್ನು ನನ್ನ ಕೊರಳಿಗೆ ತೂಗುಹಾಕಿ ಹೋಗಿದ್ದ. ಜೊತೆಗೆ ಎರಡು ಕಪ್ಪು-ಬಿಳುಪು ರೀಲು. ಹುಡುಗಿ ಕ್ಯಾಮೆರಾ ಹಿಡಿದು ಓಣಿ ಸುತ್ತಬಾರದು ಎಂದು ಅವ್ವನ ಕಟ್ಟಪ್ಪಣೆಯಾಯಿತು. ಸರಿ, ಕಾಂಪೌಂಡಿನೊಳಗೇ ಸಿಕ್ಕಿದ್ದನ್ನೆಲ್ಲ ಹಿಡಿಯತೊಡಗಿದೆ. ಬಚ್ಚಲ ಗೋಡೆಯ ಮೇಲೆ ತಲೆ ಆಡಿಸುವ ಓತಿಕ್ಯಾತ, ಕರೆಂಟಿನ ಮೀಟರ್ ಡಬ್ಬಿ ಹಿಂದೆ ಗೂಡು ಕಟ್ಟಿದ ಗುಬ್ಬಿ, ಬಾಗಿಲ ಚಿಲಕದ ತೂತಿಗೆ ಮಣ್ಣು ತಂದು ಮೆತ್ತುತ್ತಿದ್ದ ಕಣಜ, ಅಪ್ಪನ ಧೋತರ ಒಣಹಾಕಿದ ಹಗ್ಗದ ಮೇಲೆ ಒಂದು ಪತಂಗ. ಉಸಿರು ಬಿಗಿಹಿಡಿದು, ಮೊಣಕಾಲೂರಿ, ಹತ್ತಿರ ಹತ್ತಿರ ಸರಿದು ತೆಗೆದಿದ್ದೆ.

ರೀಲು ತೊಳೆಸಿಕೊಂಡು ಬಂದಾಗ ಒಂದೂ ಬಂದಿರಲಿಲ್ಲ. ಆ ಕ್ಯಾಮೆರಾಕ್ಕೆ ಹತ್ತಿರದ್ದು ಕಾಣುವುದೇ ಇಲ್ಲ, ಎರಡು ಮಾರು ದೂರ ನಿಲ್ಲಬೇಕು ಎಂದು ನನಗೆ ಯಾರು ಹೇಳಿದ್ದರು? ಓತಿಕ್ಯಾತ ಇದ್ದ ಕಡೆ ಒಂದು ಕಲೆ, ಗೋಡೆ ಮಾತ್ರ ತಕ್ಕಮಟ್ಟಿಗೆ ಬಂದಿತ್ತು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಏನವ್ವಾ, ಬಚ್ಚಲ ಗ್ವಾಡಿಗೆ ಗಂಡು ನೋಡಾಕತ್ತೀಯೇನು, ಫೋಟೋ ತೆಗೆದು ಇಟ್ಟೀದಿ?" ಎಂದ. ಮನೆಯೆಲ್ಲ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು.

ದೂರದಿಂದ ಹಿಡಿಯುವಂಥದ್ದು, ಆದರೆ ಯಾರೂ ನೋಡದೇ ಇದ್ದದ್ದು ನಮ್ಮ ಮನೆಯಲ್ಲಿ ಏನಿದೆ? ಇದೊಂದೇ ಯೋಚನೆ ತಲೆಯಲ್ಲಿ ಕೊರೆಯಿತು. ಒಂದು ನಸುಕಿನಲ್ಲಿ ಮೊಗ್ಗು ಬಿಡಿಸುತ್ತಿರುವಾಗ ಉತ್ತರ ಕೈಯಲ್ಲೇ ಇತ್ತು. ಬಾವಿ ಕಡೆಯ ಎರಡು ಸಾಲು ಯಾವಾಗಲೂ ನನ್ನ ಪಾಲಿನ ಕೆಲಸ. ಅವನ್ನು ಬಿಡಿಸದೆ ಬಿಟ್ಟರೆ ಸಂಜೆಗೆ ಅರಳುತ್ತವೆ. ಸಂಜೆಯ ಬೆಳಕು ಈ ಕ್ಯಾಮೆರಾಕ್ಕೆ ಸಾಲದು. ಮರುದಿನ ಬಿಸಿಲು ಮೂಡುತ್ತಲೇ, ಹೂ ಬಾಡುವ ಮೊದಲು, ತೆಗೆದರಾಯಿತು. ತೋಟ ಬೆಳ್ಳಗಾದರೆ ಓಣಿಯವರು ಏನು ತಿಳಿಯುತ್ತಾರೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನುಗ್ಗೆ ಮರದ ಹಿಂದಿನ ಎರಡೇ ಎರಡು ಸಾಲು, ಯಾರ ಕಣ್ಣಿಗೆ ಬಿದ್ದೀತು ಅಂದುಕೊಂಡೆ. ಉಳಿದ ಸಾಲಿನದನ್ನು ತುಂಬಿ ಅವ್ವನಿಗೆ ಪುಟ್ಟಿ ಕೊಟ್ಟು, ಸುಮ್ಮನಾದೆ.

ಸುಮ್ಮನಾದೆ ಅನ್ನುವುದು ಬರೀ ಮಾತು. ಆ ದಿನ ಎಷ್ಟು ಸಲ ಬಾವಿಗೆ ಹೋಗಿ ಬಂದೆನೋ. ಮೊಗ್ಗು ಇದ್ದ ಹಾಗೇ ಇದ್ದವು. ಅಪ್ಪ ದಿನಾಲೂ ಪುಟ್ಟಿಯನ್ನು ಬಸ್ಸಿನ ಮೇಲೆ ಹಾಕಿ ಮನೆಗೆ ಬರುತ್ತಿದ್ದವನು ಅಂದು ತಾನೂ ಹತ್ತಿ ಹೋಗಿದ್ದ. ಒಂದು ಮಾತೂ ಹೇಳದೆ ಹೋದನೆಂದು ಅವ್ವ ದಿನವಿಡೀ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು.

ಹೊತ್ತು ಇಳಿಯಿತು. ನಾನು ಪಂಪ್‌ಸೆಟ್ಟಿನ ಕಟ್ಟೆ ಮೇಲೆ ಕೂತು ನೋಡಿದೆ. ಮೊದಲು ಒಂದು, ಆಮೇಲೆ ಅದರ ಪಕ್ಕದ್ದು, ಆಮೇಲೆ ಯಾವುದನ್ನು ನೋಡಬೇಕೋ ತಿಳಿಯದ ಹಾಗೆ. ದಿನಾ ಉಗುರಿನಲ್ಲಿ ಚಿವುಟುತ್ತಿದ್ದ ಮೊಗ್ಗುಗಳಲ್ಲಿ ಇಷ್ಟೆಲ್ಲ ಇತ್ತೇ ಅನ್ನಿಸಿತು. ಆ ಎರಡು ಸಾಲು ಮಂಡಕ್ಕಿ ಚೆಲ್ಲಿದ ಹಾಗೆ ಬೆಳ್ಳಗಾದವು. ವಾಸನೆ ಹಿತ್ತಲು ತುಂಬಿ, ಮನೆಯ ಕಡೆ ಹೊರಟಿತು. ವಾಸನೆಯ ವಿಚಾರ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಒಳಗೆ ಬಂದಾಗ ಅವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ಪಕ್ಕದ ಮನೆಯ ದೊಡ್ಡವ್ವ ನಿಂತಿದ್ದಳು. ಕರು ಕಟ್ಟಲು ಹಿತ್ತಲಿಗೆ ಬಂದವಳು ಬೇಲಿಯಾಚೆಯಿಂದ ಬಿಳುಪು ಕಂಡಿದ್ದಾಳೆ. ಕಾಯಿಲೆಯ ಅಜ್ಜಿ ಹೋದಳು ಅಂದುಕೊಂಡು, ಸೆರಗು ಹೊದ್ದು, ಕಣ್ಣಲ್ಲಿ ನೀರು ತಂದುಕೊಂಡೇ ಬಂದಿದ್ದಾಳೆ.

"ಯಾವಾಗ ಹೋದ್ರವ್ವಾ?" ಎಂದಳು ಮೆಲ್ಲಗೆ.

ಅವ್ವನ ತಲೆಯಲ್ಲಿ ಇದ್ದದ್ದು ಅಪ್ಪ ಒಬ್ಬನೇ. ರೊಟ್ಟಿಯಿಂದ ಕಣ್ಣು ತೆಗೆಯದೆ, "ಮುಂಜಾನಿನ ಹೋದ್ರಕ್ಕ. ಒಂದ್ ಮಾತು ಹೇಳಲಿಲ್ಲ, ಏನಿಲ್ಲ. ಎದ್ದು ಹೋಗೇಬಿಟ್ರು" ಎಂದಳು.

ದೊಡ್ಡವ್ವ ಹೊಸ್ತಿಲ ಮೇಲೆ ಕುಸಿದು ಜೋರಾಗಿ ಅಳತೊಡಗಿದಳು. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಅಷ್ಟರಲ್ಲಿ ಪಡಸಾಲೆಯಿಂದ ಇನ್ನೊಂದು ಅಳು ಎದ್ದಿತು. ಸತ್ತಿದ್ದಾಳೆಂದು ತಿಳಿದಿದ್ದ ಅಜ್ಜಿಯ ದನಿ ಕೇಳಿ ದೊಡ್ಡವ್ವ ಕಿಟಾರನೆ ಕಿರುಚಿಕೊಂಡಳು. ನನಗೆ ನಗು ಬಂತು. ಪಡಸಾಲೆಗೆ ಓಡಿ ಅಜ್ಜಿಯ ಮುಖ ನೋಡಿದ ಮೇಲೆ ಆ ನಗು ಎಲ್ಲಿ ಹೋಯಿತೋ.

ಪೊರೆ ಬಂದು ಅಜ್ಜಿಯ ಕಣ್ಣು ಮಂಜಾಗಿದ್ದವು, ಮೂಗು ಚುರುಕಾಗಿತ್ತು. ಗಿಡದಲ್ಲಿ ಹೂ ಅರಳಿದ್ದು ಅವಳಿಗೆ ಆಗಲೇ ತಿಳಿದಿತ್ತು. ಬಾಗಿಲಲ್ಲಿ ನಡೆದ ಮಾತು ಬೇರೆ ಕಿವಿಗೆ ಬಿದ್ದಿತ್ತು. ಮುಂಜಾನೆ ಎದ್ದು ಹೋದವನು ಅವಳ ಮಗ; ಸತ್ತವನು ಅವನೇ ಎಂದುಕೊಂಡಿದ್ದಳು.

"ನನ್ನ ಮುಂದ ಮುಚ್ಚಿಡಬ್ಯಾಡ್ರಿ" ಎಂದಳು. "ನಿಮ್ಮಜ್ಜ ಸತ್ತಾಗೂ ದವಾಖಾನಿಯಾಗ ಅದಾನ ಅಂತ ಹೊತ್ತು ಮುಳುಗೋತನಕ ಹೇಳಿದ್ರು. ಹೂವಿನ ವಾಸನಿ ಬಂದಮ್ಯಾಲೆ ನಂಗ ತಿಳೀತು. ನನ್ನ ಮಗನ್ನ ಎಲ್ಲಿ ಹಾಕೀರಿ, ಹೇಳ್ರಿ."

ಅವ್ವ ಹೇಳಿದಳು, ದೊಡ್ಡವ್ವನೂ ಕಣ್ಣೊರೆಸಿಕೊಂಡು ಹೇಳಿದಳು, ಅಜ್ಜಿ ನಂಬಲಿಲ್ಲ. ನಾನು ಕ್ಯಾಮೆರಾ ತಂದು ಅವಳ ಕೈಯಲ್ಲಿಟ್ಟೆ. "ಅಜ್ಜಿ, ಇದರ ಸಲುವಾಗಿ ಹೂ ಬಿಟ್ಟೀನಿ. ಫೋಟೋಕ್ಕ. ಖರೇನ."

ಅಜ್ಜಿ ಅದನ್ನು ತಡವಿ ನೋಡಿ ಪಕ್ಕಕ್ಕೆ ತಳ್ಳಿದಳು. "ಇಂಥಾ ಡಬ್ಬಿ ಸಲುವಾಗಿ ಯಾರಾದ್ರೂ ಹೂ ಬಿಡ್ತಾರೇನ? ಸುಳ್ಳು ಹೇಳೂದಾದ್ರ ಚಲೋತ್ನಾಗಿ ಹೇಳು."

ಇನ್ನು ಉಳಿದದ್ದು ಅಪ್ಪ ಬರುವುದೊಂದೇ. ಹರಪನಹಳ್ಳಿ ಬಸ್ಸು ದೀಪ ಹಚ್ಚುವ ಹೊತ್ತಿಗೆ ಬರಬೇಕು, ಬರಲಿಲ್ಲ. ಬಾಗಿಲಿಗೂ ಮಂಚಕ್ಕೂ ನಡುವೆ ನನ್ನ ಕಾಲು ನಿಲ್ಲಲಿಲ್ಲ. ಅಷ್ಟು ಹೊತ್ತು ಅಜ್ಜಿಯದು ತಪ್ಪು ತಿಳುವಳಿಕೆ ಅಂದುಕೊಂಡಿದ್ದವಳಿಗೆ ನಿಧಾನವಾಗಿ ನನಗೇ ಭಯ ಹತ್ತಿತು. ಹೂ ಅರಳಿಸಿಬಿಟ್ಟಿದ್ದೇನೆ, ಇನ್ನು ಅದಕ್ಕೆ ತಕ್ಕ ಹಾಗೆ ಏನಾದರೂ ಆಗಿಯೇ ತೀರುತ್ತದೆಯೇ? ಓದಿದವಳು ನಾನು, ಇಂಥದ್ದನ್ನೆಲ್ಲ ನಂಬುತ್ತಿರಲಿಲ್ಲ. ಆ ಸಂಜೆ ನಂಬಿದೆ. ಅಳುವಿನ ನಡುವೆ ಅಜ್ಜಿ ಒಂದು ಸಲವೂ ನನ್ನನ್ನು ಕೂತ್ಕೋ ಎಂದು ಗದರಲಿಲ್ಲ, ಅದನ್ನೇ ತಡೆದುಕೊಳ್ಳಲಾಗಲಿಲ್ಲ.

ಕೊನೆಗೆ ಅಪ್ಪ ಬಂದ, ಖಾಲಿ ಪುಟ್ಟಿ ಬಗಲಲ್ಲಿ ಇಟ್ಟುಕೊಂಡು. ಚಿಗಟೇರಿಯಲ್ಲಿ ಎತ್ತು ನೋಡಲು ಇಳಿದಿದ್ದನಂತೆ, ಬಸ್ಸು ತಪ್ಪಿತಂತೆ. ನಾನು ಅವನ ಕೈ ಹಿಡಿದು ಎಳೆದುಕೊಂಡು ಹೋಗಿ ಮಂಚದ ಮುಂದೆ ನಿಲ್ಲಿಸಿದೆ. ಅಜ್ಜಿ ಅವನ ಮುಖ, ಮೀಸೆ, ಕಿವಿ ಎಲ್ಲ ತಡವಿದಳು. ಆಮೇಲೆ ಅದೇ ಕೈಯಿಂದ ಕೆನ್ನೆಗೆ ಒಂದು ಬಿಟ್ಟಳು. "ಹೇಳಿ ಹೋಗಾಕ ಬಾಯಿ ಇರಲಿಲ್ಲೇನ ನಿಂಗ?" ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ.

ಮರುದಿನ ಬಿಸಿಲು ಮೂಡುವಾಗ ನಾನು ಕ್ಯಾಮೆರಾ ಹಿಡಿದು ಹೊರಟೆ. "ನನ್ನೂ ಹೊತ್ಕೊಂಡು ನಡೀರಿ" ಎಂದಳು ಅಜ್ಜಿ. ಅಪ್ಪ ಅವ್ವ ಮಂಚವನ್ನೇ ಎತ್ತಿ ಬಾವಿಯ ಹತ್ತಿರ ಇಟ್ಟರು. ಅಜ್ಜಿ ಮಂಜುಗಣ್ಣನ್ನು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ಬೆಳ್ಳಗ ಕಾಣಸ್ತೈತಿ" ಎಂದಳು. "ಮನ್ಯಾಗ ಎಲ್ಲಾರೂ ಅದೀವಿ, ಹೂ ಅರಳೈತಿ. ಹಿಂಗ ಎಂದೂ ನೋಡಿದ್ದಿಲ್ಲ ನಾ." ಆಮೇಲೆ ಅವ್ವನನ್ನು ಕರೆದಳು. "ನೋಡವ್ವಾ, ನಾ ಹೋದ ದಿನ ಮೊದಲು ಹೂ ಬಿಡಿಸ್ರಿ, ಆಮ್ಯಾಲೆ ಅಳ್ರಿ. ಹೂ ಅರಳಿದ್ದು ಸಾವಿಗಲ್ಲ, ಹಿಂಗ ಎಲ್ಲಾರೂ ಇದ್ದಾಗಂತ ಇರ್ಲಿ ನನಗ."

ಫೋಟೋ ಚೆನ್ನಾಗಿ ಬಂತು. ಎರಡು ಸಾಲು ಬಿಳಿ ಹೂ, ಹಿಂದೆ ಬಾವಿಯ ಕಟ್ಟೆ. ಅಪ್ಪ ಅದನ್ನು ನೋಡಿ ತಮಾಷೆ ಮಾಡಲಿಲ್ಲ.

ಅಜ್ಜಿ ಹೋದದ್ದು ಮರುವರ್ಷದ ಬೇಸಿಗೆಯಲ್ಲಿ, ನಸುಕಿಗೆ ಮುಂಚೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನನಗೊಂದು ಪುಟ್ಟಿ ಕೊಟ್ಟಳು, ತಾನೊಂದು ತೆಗೆದುಕೊಂಡಳು. ಅಪ್ಪನೂ ಇಳಿದ. ಯಾರೂ ದನಿ ತೆಗೆಯಲಿಲ್ಲ. ಬಾವಿ ಕಡೆಯ ಎರಡು ಸಾಲಿನಲ್ಲಿ ನಾನು ಒಂದು ಮೊಗ್ಗೂ ಉಳಿಯದ ಹಾಗೆ ಬಿಡಿಸಿದೆ. ಕಣ್ಣೀರಿನಲ್ಲಿ ಕಾಣದಿದ್ದಾಗ ಬೆರಳಿನಿಂದ ತಡವಿ ಬಿಡಿಸಿದೆ.

ಬೆಳಕು ಹರಿಯಿತು. ಬೇಲಿಯಾಚೆ ದೊಡ್ಡವ್ವ ಕರು ಬಿಚ್ಚುತ್ತಿದ್ದಳು. ನಮ್ಮ ಹಸಿರು ತೋಟವನ್ನೂ ತುಂಬಿದ ಪುಟ್ಟಿಯನ್ನೂ ನೋಡಿ, "ಅತ್ತೆವ್ವ ಹೆಂಗದಾರ?" ಎಂದು ಅಜ್ಜಿಯ ವಿಷಯ ಕೇಳಿದಳು.

"ಹೋದ್ರು" ಎಂದೆ.

"ಅಯ್ಯ, ಎದ್ದು ಅಡ್ಡಾಡೋವಷ್ಟು ಆರಾಮಾದ್ರೇನ?" ಎಂದಳು ದೊಡ್ಡವ್ವ, ಮುಖ ಅರಳಿಸಿ. "ಎಲ್ಲಿಗೆ ಹೋದ್ರು?"