ಧಾರೆಯ ಕಾಯಿ

ತಿಪಟೂರಿನ ಛತ್ರಗಳಲ್ಲಿ ಮದುವೆ ನಡೆಸುತ್ತಿದ್ದವರು ಪುರೋಹಿತರಲ್ಲ, ಮೈಕ್ ಹಿಡಿದು ಯಾರು ಯಾವಾಗ ಬರಬೇಕೆಂದು ಕೂಗುತ್ತಿದ್ದ ಒಬ್ಬ ಮೈಕಿನವರು. ಹೆಗಲ ಮೇಲೆ ಟವೆಲ್, ಮೈಕಿಗೆ ಎರಡು ಸಲ ಊದುವುದು, ಆಮೇಲೆ ಅದೇ ಮಾತು: "ಯಾರೂ ಎದ್ದೋಗ್ಬೇಡಿ ಕಣ್ರೀ, ನಿಮ್ಮಿಂದ್ಲೇ ಮದುವೆ!"

ನನ್ನ ತಂಗಿಯ ಮುಹೂರ್ತಕ್ಕೆ ಹತ್ತೇ ನಿಮಿಷ ಬಾಕಿ. ಹಾಲೆರೆಯಲು ಅವರು ಸೋದರಮಾವನನ್ನು ಮೊದಲು ಕರೆದುಬಿಟ್ಟರು. ಮನೆಗೆ ಹಿರಿಯರಾದ ದೊಡ್ಡಪ್ಪ ದಡಕ್ಕನೆ ಎದ್ದು, ಚಪ್ಪಲಿ ಮೆಟ್ಟಿ, ಗೇಟಿನತ್ತ ನಡೆದೇಬಿಟ್ಟರು! ಅವರು ಹೋದರೆ ಅರ್ಧ ಛತ್ರವೇ ಊಟ ಬಿಟ್ಟು ಹಿಂದೆ ಹೋಗುತ್ತಿತ್ತು. ಅಪ್ಪನ ಮುಖ ಬಿಳಿಚಿಕೊಂಡಿತು.

ಮೈಕಿನವರು ಎರಡು ಸಲ ಊದಿದರು. ಬೀದಿಯ ಸ್ಪೀಕರೂ ಗುಡುಗಿತು.

"ಯಜಮಾನ್ರೇ, ತಪ್ಪು ನಂದು, ಬುಡಿ. ಧಾರೆಗಿಟ್ಟಿರೋ ಕಾಯಿ ನಿಮ್ ತೋಟದ್ದು. ನೀವು ಮುಟ್ದೆ ಹಾಲೆರೆಯೋದು ಹೆಂಗೆ? ಎದ್ದೋಗ್ಬೇಡಿ ಕಣ್ರೀ, ನಿಮ್ಮಿಂದ್ಲೇ ಮದುವೆ!"

ಛತ್ರಕ್ಕೆ ಛತ್ರವೇ ಗೇಟಿನತ್ತ ತಿರುಗಿತು. ದೊಡ್ಡಪ್ಪ ನಿಂತರು, ವಾಪಸ್ ಬಂದರು, ಮಂಟಪ ಹತ್ತಿ ಕಾಯಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

"ನಮ್ದೇ ಕಣಪ್ಪ. ನೋಡಿದ್ರೆ ಗೊತ್ತಾಗಲ್ವಾ?" ಎಂದು ಮೊದಲ ಹಾಲೆರೆದರು. ಗಟ್ಟಿಮೇಳ ಮೊಳಗಿತು!

ಮನೆಯವರೆಲ್ಲ ಕಾಯಿ ತರುವುದನ್ನೇ ಮರೆತಿದ್ದರಿಂದ, ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಅಂಗಡಿಗೆ ಓಡಿ ಅದನ್ನು ಕೊಂಡುತಂದಿದ್ದವರು ನಾನು ಮತ್ತು ಆ ಮೈಕಿನವರು.