ದರ್ಸೊನೊನ ಬೆನ್ನಿನ ಕಠಾರಿ

ಸೋಲೊ ಪಟ್ಟಣದಲ್ಲಿ ಕುರ್ಚಿಗೆ ಬೆತ್ತ ಹೆಣೆದು ಬದುಕುತ್ತಿದ್ದ ದರ್ಸೊನೊನ ಬೆನ್ನು ದಿನವಿಡೀ ಬಗ್ಗಿಯೇ ಇರುತ್ತಿತ್ತು. ಮದುವೆ ಮನೆಗೆ ಹೊರಟನೋ, ನೆಟ್ಟಗಾಯಿತೆಂದೇ ಲೆಕ್ಕ. ಅವತ್ತು ಅಪ್ಪ ಬಿಟ್ಟುಹೋದ ಕೆರಿಸನ್ನು, ಅಂದರೆ ಅಲೆಅಲೆ ಅಂಚಿನ ಗೇಣುದ್ದದ ಕಠಾರಿಯನ್ನು, ಸೊಂಟಪಟ್ಟಿಯ ಹಿಂಬದಿಗೆ ಸಿಕ್ಕಿಸಿಕೊಂಡಿರುತ್ತಿದ್ದ. ಏನು ಹೇಳಲಿ ಅವನ ಜಂಬವನ್ನು! "ನಮ್ಮ ಮುತ್ತಜ್ಜ ಡಚ್ಚರನ್ನ ಅಟ್ಟಾಡ್ಸಿದ್ದು ಇದರಲ್ಲೇ," ಎಂದು ಕೊಚ್ಚಿಕೊಳ್ಳದ ದಿನವಿಲ್ಲ.

"ಆ ಮೋಟು ಚಾಕಲ್ಲಾ? ಡಚ್ಚರು ನಕ್ಕೂ ನಕ್ಕೂ ಸತ್ತಿರ್ಬೇಕು ಬಿಡಣ್ಣ," ಎನ್ನುತ್ತಿದ್ದಳು ತಂಗಿ ಪಾರ್ತಿನಾ. ಹಿತ್ತಲಲ್ಲಿ ತೆಂಪೆ, ಅಂದರೆ ಹುದುಗಿಸಿ ಗಟ್ಟಿ ಮಾಡಿದ ಸೋಯಾ ಕಾಳಿನ ಬಿಲ್ಲೆ, ಕರಿದು ಮಾರುವವಳು. ಅಪ್ಪನ ಆಸ್ತಿಯಲ್ಲಿ ಅವಳ ಪಾಲಿಗೆ ಬಂದದ್ದು ಒಂದು ಒರಳುಕಲ್ಲು.

ದರ್ಸೊನೊನ ಮಗಳ ಮದುವೆ ಗೊತ್ತಾಯಿತು. ಬೀಗರು ಬಾತಿಕ್ ಬಟ್ಟೆಯ ದೊಡ್ಡ ವ್ಯಾಪಾರಿ. "ನಿಮ್ಮ ವೀರ ಮುತ್ತಜ್ಜನ ಕೆರಿಸ್ ಯಾವ ಕಾಲದ್ದು, ಏನು ಬಾಳುತ್ತೆ, ಮದುವೆ ದಿನ ಹೇಳ್ಬೇಕು ನೋಡಿ," ಅಂದುಬಿಟ್ಟರು. ದರ್ಸೊನೊ ಅದನ್ನು ಹಳದಿ ಬಟ್ಟೆಯಲ್ಲಿ ಸುತ್ತಿಕೊಂಡು, ಕೆರಿಸ್ ಪರೀಕ್ಷೆಯಲ್ಲಿ ಪಳಗಿದ ಗುನಾದಿ ಅಜ್ಜನ ಬಳಿ ಓಡಿದ.

ಅಜ್ಜ ಒರೆಯನ್ನು ಹಣೆಗೊತ್ತಿಕೊಂಡು ಅಲಗನ್ನು ಮೆಲ್ಲಗೆ ಎಳೆದ. ಬೆಳಕಿಗೆ ಹಿಡಿದು ಗೆರೆ ನೋಡಿದ, ಹೆಬ್ಬೆರಳಿಟ್ಟು ಅಳೆದ. "ಭಾರೀ ಹಳೇದು ಮಾರಾಯ! ಒಂದು ಜೋಡಿ ಎಮ್ಮೆ ಕೊಟ್ಟು ಒಯ್ತಾರೆ. ಎಷ್ಟು ಚೆಂದದ ಪತ್ರೆಂ!"

"ಪತ್ರೆಂ ಅಂದ್ರೆ?"

"ಹೆಂಗಸರ ಕೆರಿಸ್. ಗಿಡ್ಡಕ್ಕಿರುತ್ತೆ."

ಯಾರಾದರೂ ಕೇಳಿಸಿಕೊಂಡರೇನೋ ಎಂದು ದರ್ಸೊನೊ ಬಾಗಿಲತ್ತ ತಿರುಗಿ ನೋಡಿದ. ಊರ ಮದುವೆಗಳಲ್ಲೆಲ್ಲ ಹೆಂಗಸರ ಕಠಾರಿ ಸಿಕ್ಕಿಸಿಕೊಂಡು ಮೆರೆದದ್ದು ಬೀಗರಿಗೆ ಗೊತ್ತಾದರೆ ಮಾನ ಉಳಿಯುತ್ತದೆಯೇ? "ಅಜ್ಜ, ಕೈ ಮುಗೀತೀನಿ, ಗಂಡಸರದ್ದು ಅಂದ್ಬಿಡಿ."

"ಅನ್ಬಹುದಪ್ಪ. ಆಗ, ತುದಿ ಮುರಿದ್ಮೇಲೆ ಮಸೆದು ಗಿಡ್ಡ ಮಾಡಿದ ಅಲಗು ಅನ್ಬೇಕಾಗುತ್ತೆ. ಬೆಲೆ ಒಂದು ತಟ್ಟೆ ಅನ್ನ. ಎಮ್ಮೆ ಬೇಕೋ, ಮೀಸೆ ಬೇಕೋ, ನೀನೇ ಹೇಳು."

ದಾರಿಯುದ್ದಕ್ಕೂ ಒದ್ದಾಡಿ ದರ್ಸೊನೊ ಮೀಸೆಯನ್ನೇ ಆರಿಸಿಕೊಂಡ.

"ಏನಂದ್ರಣ್ಣ?" ಎಂದಳು ಪಾರ್ತಿನಾ, ತೆಂಪೆ ಹೆಚ್ಚುತ್ತಾ.

"ಗಂಡಸರದ್ದೇ. ತುದಿ ಮುರ್ದಿದೆಯಂತೆ, ಅಷ್ಟೇ. ಮೂರು ಕಾಸಿನ ಬೆಲೆ ಇಲ್ಲ."

"ಹಂಗಾದ್ರೆ ಇಲ್ಲಿ ತಾ, ನನ್ನ ಚಾಕು ಮೊಂಡಾಗಿದೆ." ಒರೆಯನ್ನು ಅವನ ಕೈಯಲ್ಲೇ ಬಿಟ್ಟು ಅಲಗನ್ನು ಕಿತ್ತುಕೊಂಡವಳು ತೆಂಪೆಯ ಮೇಲೆ ಇಟ್ಟೇಬಿಟ್ಟಳು.

"ಅಯ್ಯಯ್ಯೋ, ಬೇಡ್ವೇ! ಅದು ಮುತ್ತಜ್ಜೀದು! ಜೋಡಿ ಎಮ್ಮೆ ಬಾಳುತ್ತೆ!" ಎಂದು ದರ್ಸೊನೊ ಕಿರುಚಿಕೊಂಡ. ಆಮೇಲೆ ಇಂಗು ತಿಂದ ಮಂಗನಂತೆ ಕೂತು ಎಲ್ಲವನ್ನೂ ಒದರಿದ.

ತಂಗಿ ಈ ಸಲ ನಗಲಿಲ್ಲ. ಅಲಗನ್ನು ತನ್ನ ಬಟ್ಟೆಯಂಚಿನಿಂದ ಒರೆಸಿದಳು. "ಅಪ್ಪ ಹೋದಾಗ ಕೇಳಿದ್ದೆ ಕಣಣ್ಣ, ಇದು ನಂಗಿರ್ಲಿ ಅಂತ. ಹೆಂಗಸಿಗ್ಯಾಕೆ ಕಠಾರಿ ಅಂದಿದ್ದೆ ನೀನು."

ದರ್ಸೊನೊನಿಗೆ ಅವತ್ತು ಆದಷ್ಟು ನಾಚಿಕೆ ಜನ್ಮದಲ್ಲಿ ಆಗಿರಲಿಲ್ಲ. ಒರೆಯನ್ನೂ ಅವಳ ಕೈಗಿಟ್ಟ.

ಮದುವೆಯ ದಿನ ಬೀಗರು ಅವನ ಬೆನ್ನ ಹಿಂದೆ ಸುತ್ತು ಹಾಕಿ ಇಣುಕಿದರು. "ಎಲ್ಲಿ ಸ್ವಾಮಿ, ನಿಮ್ಮ ಕೆರಿಸ್?"

ಅತ್ತ ಪಾರ್ತಿನಾ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಂದವರಿಗೆ ಚಹಾ ಕೊಡುತ್ತಿದ್ದಳು. ದರ್ಸೊನೊ, ದೊಡ್ಡವರನ್ನು ತೋರಿಸುವಾಗಿನ ಆ ಊರ ರೂಢಿಯಂತೆ, ಗೌರವದಿಂದ ಹೆಬ್ಬೆರಳು ಚಾಚಿ ಅವಳನ್ನು ತೋರಿಸಿದ.

"ಅದರ ಯಜಮಾನಿ ಅವಳು. ಬೆಲೆ ಗಿಲೆ ಅವಳನ್ನೇ ಕೇಳಿ. ನಾನು ಇಷ್ಟು ದಿನ ಹೊತ್ಕೊಂಡು ತಿರುಗಿದ್ದು, ಅಷ್ಟೇ."