ಒಂದೇ ಶೇಡಿನ ನೊಣಗಳು

ಕೊಳೆತ ಬಾಳೆಹಣ್ಣಿನ ಮೇಲೆ ಗುಂಪುಗಟ್ಟುವ ಸಣ್ಣ ನೊಣಗಳನ್ನು ಕಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಂಥವನ್ನು ಬಾಟಲಿಯಲ್ಲಿಟ್ಟು ಬೆಲ್ಲ ತಿನ್ನಿಸಿ ಸಾಕುತ್ತಾರೆಂದು ಬೇರೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಸಾಕಿದವಳು ನನ್ನ ಮಗಳು. ಸಂಕ್ರಾಂತಿಗೆ ಹಾಸ್ಟೆಲು, ಲ್ಯಾಬು ಎರಡಕ್ಕೂ ಬೀಗ ಬಿತ್ತೆಂದು ಎರಡು ಬಾಟಲಿ ನೊಣಗಳನ್ನು ಮಡಿಲಲ್ಲಿಟ್ಟುಕೊಂಡು ಅನಂತಪುರದಿಂದ ರಾಯದುರ್ಗಕ್ಕೆ ಬಸ್ಸಿನಲ್ಲಿ ಬಂದಳು.

ನಾನು ಮಡಕಶಿರದ ಕಡೆಯವಳು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುವುದರಿಂದ ಶುರು ಮಾಡಿ, ರಾಯದುರ್ಗಕ್ಕೆ ಬಂದು, ಎರಡು ಹಳೆ ಮೆಷಿನ್ನುಗಳಿಂದ ಜೀನ್ಸ್ ಪ್ಯಾಂಟಿನ ಯೂನಿಟ್ಟು ಕಟ್ಟಿದವಳು. ಹೇಳಿದ ಬೆಲೆಗೆ ಒಂದು ಗುಂಡಿಯನ್ನೂ ಕೊಂಡವಳಲ್ಲ. ನಿಮಗೂ ಅದನ್ನೇ ಹೇಳುತ್ತೇನೆ: ಮಾರುವವನ ಮುಖ ನೋಡಬೇಡಿ, ಕೈ ನೋಡಿ. ಕೊಡುವ ಮನಸ್ಸಿದ್ದರೆ ಕೈ ಆಗಲೇ ಗಂಟು ಬಿಚ್ಚುತ್ತಿರುತ್ತದೆ.

ಬಾಟಲಿಗಳನ್ನು ಯೂನಿಟ್ಟಿನ ಹಿಂದಿನ ಕೋಣೆಯಲ್ಲಿಟ್ಟೆವು. ಜೋಳದ ಹಿಟ್ಟು, ಬೆಲ್ಲ, ಈಸ್ಟು ಬೇಯಿಸಿದ ಗಂಜಿಯ ಮೇಲೆ ಬಿಳಿ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು. ಗಾಜಿನ ಗೋಡೆಗೆ ಕಂದು ಗೂಡುಗಳು ಅಂಟಿಕೊಂಡಿದ್ದವು. ವಾಸನೆ ಮಾತ್ರ ಹುಳಿತ ಈಚಲ ಹೆಂಡದ್ದೇ. ಆ ವಾರ ನಾನು ಮುದ್ದೆ ಮುರಿಯುವಾಗಲೂ ಒಳಗೆ ಏನಾದರೂ ಅಲುಗುತ್ತದೆಯೋ ಎಂದು ನೋಡುತ್ತಿದ್ದೆ.

ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ನಿನವಳು ಬಾಗಿಲಲ್ಲಿ ಇಣುಕಿದಳು. "ಅಕ್ಕಾರ, ಕುರಿ ಸಾಕೋರ್‍ನ ನೋಡೀನಿ, ಕೋಳಿ ಸಾಕೋರ್‍ನ ನೋಡೀನಿ. ನೊಣ ಸಾಕೋ ಮನಿ ಇದೊಂದ ನೋಡ್ರಿ!"

"ನಿಂಗೂ ಒಂದು ಮರಿ ಕೊಡ್ತೀನಿ, ಹೋಗಿ ಹೊಲಿ ಹೋಗೆ" ಎಂದೆ.

ಮಗಳು ನನಗೆ ಅರ್ಥವಾಗುವ ಹಾಗೆ ಹೇಳಿದ್ದಳು. "ಬಿಳಿ ದಾರ ಕಟ್ಟಿದ್ದು ಸಾದಾ ನೊಣ ಅಮ್ಮ. ಕೆಂಪು ದಾರದ್ದಕ್ಕ ಒಂದು ವಂಶವಾಹಿ ಕೆಟ್ಟೈತಿ. ನಿನ್ನ ಪ್ಯಾಟರ್ನ್ ರಟ್ಟಿನಾಗ ಒಂದು ಗುರ್ತು ತಪ್ಪಿದ್ರ ಎಲ್ಲಾ ಪ್ಯಾಂಟೂ ತಪ್ಪತಾವಲ್ಲ, ಹಂಗ. ಸಾದಾ ನೊಣ ಗೂಡು ಒಡಕೊಂಡು ಹೊರಗ ಬರೋದು ಹೆಚ್ಚಾಗಿ ಬೆಳಿಗ್ಗೆ. ಇವುಕ್ಕ ಮೈಯೊಳಗಿನ ಗಡಿಯಾರಾನ ಸರಿ ಇಲ್ಲ. ಯಾವಾಗ ಬೇಕಾದ್ರೂ ಬರ್ತಾವ. ಬೆಳೆಯೋದೂ ನಿಧಾನ."

ಇದನ್ನು ತೋರಿಸುವುದೇ ಅವಳ ಪ್ರಾಜೆಕ್ಟು. ಒಂದು ಸಲ ಬೂಷ್ಟು ಹಿಡಿದು ಕೆಟ್ಟಿತ್ತು, ಇನ್ನೊಂದು ಸಲ ಕರೆಂಟು ಹೋಗಿ ದೀಪದ ಹೊತ್ತು ತಪ್ಪಿತ್ತು. ಇದು ಮೂರನೆಯದು. ಇದೂ ಹೋದರೆ ತನ್ನ ಜೊತೆಯವರೊಡನೆ ಮುಗಿಸುವಂತಿಲ್ಲ, ಒಂದು ವರ್ಷ ಹಿಂದೆ ಬೀಳುತ್ತಾಳೆ. ನನಗೆ ಅದು ಚೆನ್ನಾಗಿ ಗೊತ್ತಿತ್ತು.

ನೊಣ ಹೊರಬರುವ ದಿನಗಳಲ್ಲೇ ಅವಳಿಗೆ ಹೈದರಾಬಾದಿನಲ್ಲಿ ಒಂದು ಪರೀಕ್ಷೆ ಬಂತು. ಮೂರು ದಿನ ನನಗೆ ಒಪ್ಪಿಸಿದಳು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನಕ್ಕೆ, ಸಂಜೆ ಆರಕ್ಕೆ, ಹೊರಬಂದ ನೊಣಗಳನ್ನೆಲ್ಲ ಒಂದೊಂದು ಬಾಟಲಿಯಿಂದ ಒಂದೊಂದು ಸಣ್ಣ ಟ್ಯೂಬಿಗೆ ತಟ್ಟಬೇಕು, ದಾರದ ಬಣ್ಣ, ಹೊತ್ತು ಬರೆದ ಚೀಟಿ ಅಂಟಿಸಬೇಕು, ಫ್ರೀಜರಿನಲ್ಲಿಡಬೇಕು. ಹಾಲಿಡುವ ಫ್ರಿಜ್ಜು ಅದು! ಸೆರಗಿನಿಂದ ಮೂಗು ಮುಚ್ಚಿಕೊಂಡು ಒಂದು ಹೊತ್ತೂ ತಪ್ಪಿಸದೆ ಮಾಡಿದೆ. ಒಮ್ಮೆ ಒಂದು ನೊಣ ನನ್ನ ತುಟಿಯ ಮೇಲೆ ಕೂತಿತು. ಆ ದಿನ ಊಟ ಸೇರಲಿಲ್ಲ.

ಮೂರನೆಯ ಸಂಜೆ ಟ್ಯೂಬುಗಳನ್ನು ಸಾಲಾಗಿ ಜೋಡಿಸಿದೆ. ಬಿಳಿ ದಾರದವುಗಳಲ್ಲಿ ಬೆಳಿಗ್ಗೆ ಆರರಿಂದ ಮಧ್ಯಾಹ್ನದೊಳಗೆ ಬಂದವುಗಳ ಟ್ಯೂಬುಗಳು ಎಳ್ಳು ಸುರಿದ ಹಾಗೆ ತುಂಬಿದ್ದವು. ಕೆಂಪು ದಾರದವು ನೋಡಿ: ಒಂದರಲ್ಲಿ ಎರಡು, ಒಂದರಲ್ಲಿ ನಾಲ್ಕು, ಒಂದರಲ್ಲಿ ಒಂದೇ ಒಂದು. ಇಷ್ಟು ಕಷ್ಟಪಟ್ಟ ಹುಡುಗಿ ಇದನ್ನು ತೆಗೆದುಕೊಂಡು ಹೋಗಿ ಮೇಷ್ಟರ ಮುಂದೆ ಇಡುವುದೇ?

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಪ್ಯಾಂಟಿನ ಬಂಡಲ್ಲು ಕಡಿಮೆ ಬಿದ್ದರೆ ಹಾಗೇ ಕಳಿಸುವುದಿಲ್ಲ. ತುಂಬಿದ ಬಂಡಲ್ಲಿನಿಂದ ಅದೇ ಅಳತೆಯ, ಅದೇ ಶೇಡಿನ ಪೀಸು ತೆಗೆದು ಸರಿಮಾಡುತ್ತೇವೆ. ಶೇಡು ಮಾತ್ರ ತಪ್ಪಬಾರದು. ಹೊಸದಾಗಿ ಬಂದ ಪ್ರತಿಯೊಬ್ಬಳಿಗೂ ನಾನೇ ಕಲಿಸಿದ ಪಾಠ ಇದು.

ಮಗಳ ಭೂತಗನ್ನಡಿ ಹಿಡಿದು ನೋಡಿದೆ. ಎರಡು ಬಾಟಲಿಯವಕ್ಕೂ ಕಣ್ಣು ಕೆಂಪು, ಮೈ ಕಂದು, ಹಿಂಬದಿಗೆ ಅದೇ ಪಟ್ಟೆ. ಎಳ್ಳಷ್ಟೂ ಶೇಡು ಬೇರೆ ಇರಲಿಲ್ಲ. ಅವಳ ಬ್ರಷ್ಷಿನಿಂದ ಬಿಳಿಯವನ್ನು ಒಂದೊಂದಾಗಿ ಎತ್ತಿ ಕೆಂಪಿನವಕ್ಕೆ ಹಾಕಿದೆ. ಒಂಬತ್ತು ಟ್ಯೂಬಿನಲ್ಲೂ ಹತ್ತು ಹತ್ತು ಆಗುವ ಹಾಗೆ. ಕೈಗೆ ಅಂಟಿದ ಕಾಲು, ರೆಕ್ಕೆಗಳನ್ನು ಮೂರು ಸಲ ಸೋಪು ಹಾಕಿ ತೊಳೆದೆ. ತಾಯಿ ಎಂದ ಮೇಲೆ ಹೇಸಿಗೆಯನ್ನೂ ಎತ್ತಬೇಕು ಎಂದು ನನ್ನನ್ನೇ ಮೆಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಮಗಳು ಬಂದವಳೇ ಬ್ಯಾಗೂ ಇಳಿಸದೆ ಬಿಳಿ ತಟ್ಟೆಗೆ ಮೊದಲ ಕೆಂಪು ಟ್ಯೂಬು ಸುರಿದಳು.

"ಹತ್ತು." ಎರಡನೆಯದು ಸುರಿದಳು. "ಹತ್ತು." ಮೂರನೆಯದಕ್ಕೆ ಅವಳ ಧ್ವನಿ ಇಳಿಯಿತು. "ನೊಣ ಹಿಂಗ ಲೆಕ್ಕ ಹಾಕ್ಕೊಂಡು ಹುಟ್ತಾವೇನಮ್ಮ?"

"ಕಮ್ಮಿ ಬಿದ್ದಿದ್ವು ಕಣೆ. ಸರಿ ಮಾಡಿದೀನಿ."

"ಯಾವುದರಿಂದ?"

"ಅದೇ, ಬಿಳೀದ್ರಿಂದ. ಶೇಡ್ ನೋಡೇ ಹಾಕಿದೀನಿ. ಒಂದೂ ತಪ್ಪಿಲ್ಲ."

ಅವಳು ಕೂಗಾಡಲಿಲ್ಲ. ಕುರ್ಚಿಯ ಮೇಲೆ ಕೂತು ತಟ್ಟೆಯನ್ನೇ ನೋಡಿದಳು. "ಕಮ್ಮಿ ಬಂದಿದ್ದ ನನಗ ಬೇಕಾಗಿತ್ತಮ್ಮ. ಒಂದು ಬಂದಿದ್ರ ಒಂದು. ಈಗ ಇದ್ರಾಗ ಯಾವ್ದು ಯಾವ್ದಂತ ದೇವ್ರಿಗೂ ಗೊತ್ತಾಗಂಗಿಲ್ಲ."

ಆಗಲಾದರೂ ನಾನು ಬಾಯಿ ಮುಚ್ಚಬೇಕಿತ್ತು. "ಗೊತ್ತಾಗಲ್ಲ ಅಂದ್ಮೇಲೆ ಭಯ ಯಾಕೆ? ಇದನ್ನೇ ಬರ್ದು ಕೊಡು. ನಿಮ್ಮ ಮೇಷ್ಟ್ರು ಬಂದು ನೋಡಿದ್ರಾ?"

ಅವಳು ತಲೆ ಎತ್ತಿದಳು. ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. ಒಂದು ವಾರದಿಂದ ಗಂಜಿಯ ಮೇಲಿನ ಹುಳುಗಳನ್ನು ನಾನು ಅದೇ ನೋಟದಿಂದ ನೋಡಿದ್ದೆ.

"ಯವ್ವಾ," ಎಂದಳು, "ನನಗ ವಾಂತಿ ಬಂದಂಗ ಆಗ್ತದ."

ಕೆಂಪು ದಾರದ ಒಂಬತ್ತು ಟ್ಯೂಬನ್ನೂ ಸೋಪಿನ ನೀರಿಗೆ ಸುರಿದು, ಪುಸ್ತಕದಲ್ಲಿ 'ಮೂರು ದಿನದ್ದು ಕೈಯಿಂದ ಬೆರೆತಿದೆ, ಲೆಕ್ಕದಿಂದ ಬಿಟ್ಟಿದೆ' ಎಂದು ಬರೆದು ಕೆಳಗೆ ಗೆರೆ ಎಳೆದಳು. ಯಾರ ಕೈ ಎಂದು ಬರೆಯಲಿಲ್ಲ. ನಾನು ಅಂಗಳಕ್ಕೆ ಹೋಗಿ ಮತ್ತೆ ಕೈ ತೊಳೆದೆ. ಒಂದೇ ಬಣ್ಣ ಕಾಣುವ ಎರಡು ಥಾನಿನ ಬಟ್ಟೆ ವಾಷಿಂಗಿಗೆ ಹೋಗಿ ಬಂದ ಮೇಲೆ ಒಂದು ಆಕಾಶ, ಒಂದು ಬೂದಿ ಆಗುವುದನ್ನು ಎಷ್ಟು ಸಲ ಕಂಡಿಲ್ಲ ನಾನು? ಅಂಥ ಮಾಲು ಬೆರೆಸಿದವಳನ್ನು ಎಲ್ಲರೆದುರು ಬೈದಿದ್ದೇನೆ. ಬುದ್ಧಿ ಕೇಳುವವರಿಗೆ ನಾನು ಹೇಳುವ ಬುದ್ಧಿ ಒಂದೇ: ಕಣ್ಣಿಗೆ ಕಂಡ ಶೇಡನ್ನು ನಂಬಬೇಡಿ.

ಒಳಗೆ ಬಂದಾಗ ಅವಳು ಕೆಂಪು ದಾರದ ಬಾಟಲಿಯನ್ನು ಬೆಳಕಿಗೆ ಹಿಡಿದಿದ್ದಳು. "ಅಮ್ಮ, ಬಾಟಲಿ ಒಳಗ ಏನೂ ಹಾಕಿಲ್ಲ ತಾನೆ?"

"ಇಲ್ಲ ಕಣೆ. ಟ್ಯೂಬಿಗೆ ಮಾತ್ರ."

ಗೋಡೆಗೆ ಅಂಟಿದ ಗೂಡುಗಳಲ್ಲಿ ಮುಕ್ಕಾಲು ಪಾಲು ಇನ್ನೂ ಒಡೆದಿರಲಿಲ್ಲ. ಬಿಳಿಯದರಲ್ಲಿ ಖಾಲಿ ಸಿಪ್ಪೆಗಳೇ ಹೆಚ್ಚು. ಇವು ನಿಧಾನ. ನಾನು ಹೀಗಳೆದ ಆ ನಿಧಾನವೇ ಅವಳ ವರ್ಷವನ್ನು ಕೈಜಾರದಂತೆ ಹಿಡಿದುಕೊಂಡಿತ್ತು. ಲೆಕ್ಕ ಕೆಟ್ಟ ಬಿಳಿಯವನ್ನು ಲ್ಯಾಬಿನ ಇನ್ನೊಂದು ಬಾಟಲಿಯಿಂದ ಮತ್ತೆ ನೋಡಬಹುದೆಂದಳು. ಕೆಂಪಿನಲ್ಲಿ ಉಳಿದ ಗೂಡುಗಳು ಸಾಕಾಗಬಹುದು, ಸಾಲದೆಯೂ ಹೋಗಬಹುದು.

ಆ ದಿನ ಮಧ್ಯಾಹ್ನ ಬಾಟಲಿ ನಾನು ಹಿಡಿದೆ, ಅವಳು ತಟ್ಟಿದಳು. ಟ್ಯೂಬಿಗೆ ಒಂದೂ ಬೀಳಲಿಲ್ಲ. ಬಾಟಲಿ ಕೆಳಗಿಟ್ಟು ಚೀಟಿ, ಪೆನ್ನು ಕೈಗೆ ತೆಗೆದುಕೊಂಡೆ.

"ಇನ್ನೊಂದ್ ಸ್ವಲ್ಪ ಹೊತ್ತು ಬಿಟ್ಟು ನೋಡೋಣ್ವೇನೆ?"

"ಸೊನ್ನೆ ಬರಿ, ಅಮ್ಮ."

ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಯಾರಿಗೂ ಸೊನ್ನೆ ಬರೆದುಕೊಟ್ಟವಳಲ್ಲ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಬರೆದೆ.